ದೇಹದೊಳಗಿನ ಫಂಗಸ್ ಲೆಕ್ಕ ತಪ್ಪಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೋರ್ಟಿನಲ್ಲಿ ‘ಕ್ಯಾಂಡಿಡಾ’ ಎಂಬ ಫಂಗಸ್ಸಿನ ಹೆಸರು ಬರೆದಿರುವುದನ್ನು ಕಂಡು ಗಾಬರಿಯಾಗಿ ಫೋನ್ ಮಾಡುವವರು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತು ದನಿ ತಗ್ಗಿಸಿ ವಿಚಾರಿಸುವವರು, ವಾಟ್ಸ್‌ಆ್ಯಪಿನಲ್ಲಿ ಬಂದ ವಿಡಿಯೊ ತೋರಿಸಿ ‘ಇದು ನಿಜವಾ?’ ಅನ್ನುವವರು. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಪ್ಲೇಟು ನೋಡುತ್ತ ಕೂತವರಿಗೆ ಇವರೆಲ್ಲ ಮಾಮೂಲು. ಅವರು ಕೇಳಿದ್ದನ್ನೇ ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಚೀಟಿ ಬರೆಯುವ ಡಾಕ್ಟರಲ್ಲ. ಔಷಧಿಯ ವಿಚಾರ ನಿಮ್ಮ ಡಾಕ್ಟರ ಹತ್ತಿರವೇ ಇತ್ಯರ್ಥವಾಗಲಿ.

ಆರೋಗ್ಯವಾಗಿರುವವರ ಮೈಯಲ್ಲೂ ಫಂಗಸ್ ಇರುತ್ತದಾ?

ಇರುತ್ತದೆ. ಬಾಯಿ, ಕರುಳು, ಯೋನಿ, ನೆತ್ತಿ, ಕಿವಿಯ ಹಿಂಭಾಗ, ಎಲ್ಲ ಕಡೆಯೂ. 2010ರಲ್ಲಿ ಅಮೆರಿಕದ ಮಹಮೂದ್ ಘನ್ನೂಮ್ ಅವರ ತಂಡ 20 ಮಂದಿ ಆರೋಗ್ಯವಂತರ ಬಾಯಿ ಮುಕ್ಕಳಿಸಿದ ನೀರನ್ನು ಪರೀಕ್ಷಿಸಿದಾಗ ಮುಕ್ಕಾಲು ಪಾಲು ಜನರಲ್ಲಿ ಕ್ಯಾಂಡಿಡಾ ಸಿಕ್ಕಿತು. ಯಾರಿಗೂ ಬಾಯಿಹುಣ್ಣಿರಲಿಲ್ಲ, ಯಾರೂ ದೂರಿಕೊಂಡು ಬಂದವರಲ್ಲ. ಕರುಳಿನಲ್ಲಿ ಹೆಚ್ಚಾಗಿ ಕಾಣುವುದು ಮೂರು ಕುಲ: ಸ್ಯಾಕರೋಮೈಸಿಸ್, ಅಂದರೆ ಬ್ರೆಡ್ಡು ಉಬ್ಬಿಸುವ ಯೀಸ್ಟಿನ (ಒಂದೇ ಕೋಶದ ಫಂಗಸ್ಸಿನ) ವಂಶ, ಚರ್ಮದ ಜಿಡ್ಡು ತಿಂದು ಬದುಕುವ ಮಲಸೇಝಿಯಾ, ಮತ್ತೆ ಕ್ಯಾಂಡಿಡಾ. ಹೀಗೆ ಮೈಯಲ್ಲಿ ಮನೆ ಮಾಡಿಕೊಂಡಿರುವ ಶಿಲೀಂಧ್ರಗಳ ಇಡೀ ಸಮುದಾಯಕ್ಕೆ ಮೈಕೋಬಯೋಮ್ ಎಂದು ಹೆಸರು.

ಬ್ಯಾಕ್ಟೀರಿಯಾದ ಮುಂದೆ ಇವು ಎಷ್ಟರವು?

ಎಣಿಕೆಯಲ್ಲಿ ಏನೂ ಅಲ್ಲ. ಮಲದಲ್ಲಿ ಸಿಗುವ ಸೂಕ್ಷ್ಮಜೀವಿಗಳ ಡಿಎನ್‌ಎಯಲ್ಲಿ ಶಿಲೀಂಧ್ರದ ಪಾಲು ಶೇ 0.1ರ ಆಸುಪಾಸು. ಆದರೆ ಗಾತ್ರ ನೋಡಬೇಕು. ಒಂದು ಯೀಸ್ಟ್ ಕೋಶದ ಪಕ್ಕದಲ್ಲಿ ಬ್ಯಾಕ್ಟೀರಿಯಾ ಇಟ್ಟರೆ ತೆಂಗಿನಕಾಯಿಯ ಪಕ್ಕ ಬೆಟ್ಟದ ನೆಲ್ಲಿಕಾಯಿ ಇಟ್ಟಂತೆ. ಘನಗಾತ್ರದಲ್ಲಿ ನೂರು ಪಟ್ಟಿನ ಮಾತು. ಜೊತೆಗೆ ಅದರ ಗೋಡೆಯಲ್ಲಿ ಬೀಟಾ-ಗ್ಲೂಕನ್ ಎನ್ನುವ ಸಕ್ಕರೆಯ ಸರಪಳಿ ಇದೆ. ನಮ್ಮ ರೋಗನಿರೋಧಕ ಕೋಶಗಳ ಮೇಲೆ ಅದನ್ನು ಗುರುತಿಸಲೆಂದೇ ಡೆಕ್ಟಿನ್-1 ಎಂಬ ಕೊಂಡಿ ಇದೆ. 2012ರಲ್ಲಿ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಸಂಶೋಧಕರು ಈ ಕೊಂಡಿ ಇಲ್ಲದ ಇಲಿಗಳನ್ನು ನೋಡಿದರು: ಕರುಳಿನ ಉರಿಯೂತ ಅವುಗಳಲ್ಲಿ ಜೋರಾಯಿತು, ಫಂಗಸ್ ಔಷಧಿ ಕೊಟ್ಟಾಗ ತಗ್ಗಿತು. ಸಣ್ಣ ಪಾಲಿನವು ಎಂದು ಬದಿಗೆ ಸರಿಸಿದ್ದ ಜೀವಿಗಳ ಕಡೆ ಜನ ತಿರುಗಿ ನೋಡಿದ್ದು ಅಲ್ಲಿಂದ.

‘ಸಮತೋಲನ ತಪ್ಪಿದೆ’ ಅಂದರೆ ಸಂಖ್ಯೆ ಹೆಚ್ಚಾಗಿದೆ ಅಂತಲಾ?

ಹೆಚ್ಚಿನವರು ಹಾಗೇ ತಿಳಿದಿರುತ್ತಾರೆ. ಸಂಖ್ಯೆ ಒಂದು ಭಾಗ ಮಾತ್ರ. ಯಾವ ಜಾತಿ ಮೇಲುಗೈ ಪಡೆದಿದೆ ಎನ್ನುವುದು ಇನ್ನೊಂದು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯದು, ಅದೇ ಜೀವಿ ಯಾವ ವೇಷದಲ್ಲಿದೆ ಎನ್ನುವುದು.

ಕ್ಯಾಂಡಿಡಾ ಆಲ್ಬಿಕನ್ಸ್‌ಗೆ ಎರಡು ವೇಷ. ಶಾಂತವಾಗಿದ್ದಾಗ ಗುಂಡಗಿನ ಯೀಸ್ಟ್. ಕೆರಳಿದಾಗ ಉದ್ದನೆಯ ಎಳೆ. ಇದನ್ನು ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ಪ್ಲೇಟಿನ ಮೇಲೆ ಗಟ್ಟಿ ಮೊಸರಿನ ಚುಕ್ಕೆಗಳಂತೆ ಬೆಳೆದಿರುವುದರಲ್ಲಿ ಸೂಜಿಮೊನೆಯಷ್ಟು ತೆಗೆದು, ಅರ್ಧ ಎಂ.ಎಲ್. ಸೀರಮ್ಮಿಗೆ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವಕ್ಕೆ ಬೆರೆಸಿ, 37 ಡಿಗ್ರಿಯಲ್ಲಿ ಇಡುತ್ತೇವೆ. ಎರಡು ಗಂಟೆ ಬಿಟ್ಟು ಒಂದು ತೊಟ್ಟನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ, ಬೆಳಿಗ್ಗೆ ನೆನೆಹಾಕಿದ ಹೆಸರುಕಾಳು ಮೊಳಕೆ ಒಡೆದ ಹಾಗೆ ಒಂದೊಂದು ಕೋಶದಿಂದಲೂ ಸಣ್ಣ ಬಾಲ. ಈ ಕೆಲಸಕ್ಕೆ ಹೊಸಬರು ಬಂದಾಗ ಮೊದಲು ಇದನ್ನೇ ತೋರಿಸುತ್ತೇನೆ. ಯಾರೂ ಒಂದೇ ಸಲ ನೋಡಿ ಎದ್ದದ್ದಿಲ್ಲ.

ಆ ಎಳೆಗಳೇ ಚರ್ಮದ ಒಳಪದರಕ್ಕೆ ನುಗ್ಗುವುದು. ನುಗ್ಗುವಾಗ ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸುರಿಸಿ ನಮ್ಮ ಕೋಶಗಳಿಗೆ ತೂತು ಹಾಕುತ್ತವೆ. ಈ ವಿಷ ಪತ್ತೆಯಾದದ್ದು 2016ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನವರ ನೇತೃತ್ವದಲ್ಲಿ. ಹಾಗಾಗಿ ‘ಕ್ಯಾಂಡಿಡಾ ಇದೆ’ ಎನ್ನುವ ಒಂದು ಸಾಲಿನಿಂದ ಕಾಯಿಲೆ ಇದೆಯೋ ಇಲ್ಲವೋ ಹೇಳಲಾಗದು.

ಹಾಗಾದರೆ ಅದು ಕೆರಳುವುದು ಯಾಕೆ?

ಅದರ ಸುತ್ತಮುತ್ತ ಏನೋ ಬದಲಾಗಿರುತ್ತದೆ. ನನ್ನ ಅನುಭವದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಈ ಫಂಗಸ್ ಎಲ್ಲಿಂದ ಬಂತು’ ಅಲ್ಲ, ‘ಕಳೆದ ಒಂದೆರಡು ತಿಂಗಳಲ್ಲಿ ನಿಮ್ಮಲ್ಲಿ ಏನು ಬದಲಾಯಿತು’.

ಆಂಟಿಬಯೋಟಿಕ್ ತಗೊಂಡಿರಬಹುದು. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಯೀಸ್ಟಿನ ತಂಟೆಗೆ ಹೋಗುವುದಿಲ್ಲ. ಪೈರು ಕಿತ್ತ ಗದ್ದೆಯಲ್ಲಿ ಕಳೆಗೆ ಯಾರ ಅಡ್ಡಿ? ಕರುಳಿನ ಬ್ಯಾಕ್ಟೀರಿಯಾಗಳು ಜಾಗ ಹಿಡಿದು ಕೂತಿರುವುದಷ್ಟೇ ಅಲ್ಲ, ಕಾವಲೂ ಕಾಯುತ್ತವೆ. ಅವುಗಳಲ್ಲಿ ಕೆಲವು ಕರುಳಿನ ಗೋಡೆಯಿಂದ ಎಲ್‌ಎಲ್-37 ಎಂಬ ಫಂಗಸ್ ನಿರೋಧಕ ವಸ್ತು ಒಸರುವಂತೆ ಮಾಡುತ್ತವೆ ಎಂದು 2015ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಆ ಬ್ಯಾಕ್ಟೀರಿಯಾ ಹೋದರೆ ಕಾವಲೂ ಹೋಯಿತು.

ಇಲ್ಲವೇ ಸಕ್ಕರೆ ಕಾಯಿಲೆ ಹತೋಟಿ ತಪ್ಪಿರಬಹುದು. ಸ್ಟೀರಾಯ್ಡ್, ಕೀಮೊಥೆರಪಿ, ಎಚ್‌ಐವಿ ಇವು ಕಾವಲುಗಾರರನ್ನೇ ದುರ್ಬಲ ಮಾಡುತ್ತವೆ. ಸೋರಿಯಾಸಿಸ್‌ಗೆ ಕೊಡುವ ಇಂಟರ್ಲ್ಯೂಕಿನ್-17 ತಡೆಯುವ ಇಂಜೆಕ್ಷನ್ ತಗೊಳ್ಳುವ ಕೆಲವರಿಗೆ ಬಾಯಲ್ಲಿ ಕ್ಯಾಂಡಿಡಾ ಏಳುವುದುಂಟು. ಬಾಯಿ, ಗಂಟಲಿನಲ್ಲಿ ಕ್ಯಾಂಡಿಡಾವನ್ನು ಹದ್ದುಬಸ್ತಿನಲ್ಲಿಡುವ ಮುಖ್ಯ ಸಂಕೇತವೇ ಇಂಟರ್ಲ್ಯೂಕಿನ್-17 ಆದ್ದರಿಂದ ಇದು ಆಶ್ಚರ್ಯವಲ್ಲ.

ಬಿಳಿ ಸೆರಗು, ತುರಿಕೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸುತ್ತೇನೆ. ಯಾಕೆ ವಾಸಿಯಾಗುತ್ತಿಲ್ಲ?

ಹೆಂಗಸರು ಅತಿ ಹೆಚ್ಚು ಕೇಳುವ, ಅತಿ ಮೆಲ್ಲಗೆ ಕೇಳುವ ಪ್ರಶ್ನೆ. ಮೊದಲು ಸಂಕೋಚ ಬಿಡಿ: ನಾಲ್ವರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಕ್ಯಾಂಡಿಡಾ ತುರಿಕೆ ಬಂದೇ ಬರುತ್ತದೆ. ಇದು ಸ್ವಚ್ಛತೆಯ ದೋಷವೂ ಅಲ್ಲ, ನಡತೆಯ ದೋಷವೂ ಅಲ್ಲ. ವರ್ಷದಲ್ಲಿ ಮೂರು ಸಲ ಅಥವಾ ಹೆಚ್ಚು ಬಂದರೆ ಮಾತ್ರ ಅದನ್ನು ಮರುಕಳಿಸುವ ಕಾಯಿಲೆ ಎಂದು ಬೇರೆಯಾಗಿ ನೋಡುತ್ತಾರೆ.

ವಾಸಿಯಾಗದಿರಲು ಕಾರಣ ಹಲವು. ಒಂದನೆಯದು, ಅದು ಕ್ಯಾಂಡಿಡಾ ಆಗಿಲ್ಲದೇ ಇರಬಹುದು. ಮೊಸರು ಒಡೆದಂತೆ ಬಿಳಿ, ವಾಸನೆಯಿಲ್ಲ, ತುರಿಕೆ ಜಾಸ್ತಿ ಅಂದರೆ ಕ್ಯಾಂಡಿಡಾ ಇರಬಹುದು. ತೆಳ್ಳಗೆ, ಬೂದುಬಣ್ಣ, ಮೀನಿನ ವಾಸನೆ ಅಂದರೆ ಬ್ಯಾಕ್ಟೀರಿಯಾದ ಏರುಪೇರು. ಹಸಿರು-ಹಳದಿ, ನೊರೆನೊರೆ ಅಂದರೆ ಟ್ರೈಕೊಮೊನಾಸ್ ಎಂಬ ಪರೋಪಜೀವಿ ಇರಬಹುದು. ಮೂರಕ್ಕೂ ಔಷಧಿ ಬೇರೆ. ಲಕ್ಷಣ ನೋಡಿ ಊಹಿಸಿದ್ದು ತಪ್ಪುವುದೇ ಹೆಚ್ಚು, ಒಂದು ಸ್ವಾಬ್ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು, ಅಂಗಡಿಯಲ್ಲಿ ಕೊಡುವ ಆ ಕಾಂಬಿ ಕಿಟ್. ಒಂದೇ ಪಟ್ಟಿಯಲ್ಲಿ ಯೀಸ್ಟಿನ ಔಷಧಿ ಫ್ಲುಕೊನಜೋಲ್, ಅಜಿಥ್ರೊಮೈಸಿನ್, ಸೆಕ್ನಿಡಜೋಲ್ ಮೂರೂ ಇರುತ್ತವೆ. ‘ಯಾವುದಿದ್ದರೂ ಹೋಗಲಿ’ ಎನ್ನುವ ಲೆಕ್ಕ. ಇರುವುದು ಬರೀ ಕ್ಯಾಂಡಿಡಾ ಆಗಿದ್ದರೆ, ಯೀಸ್ಟಿಗೆ ಒಂದು ಮಾತ್ರೆ ನುಂಗಿ, ಯೀಸ್ಟನ್ನು ಅಂಕೆಯಲ್ಲಿಡುವ ಬ್ಯಾಕ್ಟೀರಿಯಾದ ಮೇಲೆ ಇನ್ನೆರಡು ಬಾಣ ಬಿಟ್ಟಂತಾಯಿತು. ಮುಂದಿನ ತಿಂಗಳು ಮತ್ತೆ ತುರಿಕೆ ಎಂದರೆ ನನಗಂತೂ ಅಚ್ಚರಿಯಿಲ್ಲ.

ಮೂರನೆಯದು, ಜಾತಿ ಬೇರೆ ಇರಬಹುದು. ಬಣ್ಣ ಬರಿಸುವ ವಿಶೇಷ ಅಗಾರ್ (ಪ್ಲೇಟಿನಲ್ಲಿ ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ) ಇದೆ. ಅದರ ಮೇಲೆ ಆಲ್ಬಿಕನ್ಸ್ ಹಸಿರಾಗಿ, ಟ್ರಾಪಿಕಾಲಿಸ್ ನೀಲಿಯಾಗಿ, ಕ್ರೂಸೈ ಗುಲಾಬಿ ಬಣ್ಣದಲ್ಲಿ ಏಳುತ್ತವೆ. ಕ್ರೂಸೈಗೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ಗ್ಲಾಬ್ರಾಟಾ ಎಂಬ ಇನ್ನೊಂದೂ ಸುಲಭಕ್ಕೆ ಬಗ್ಗುವುದಿಲ್ಲ. ಪ್ಲೇಟಿನಲ್ಲಿ ಗುಲಾಬಿ ಬಣ್ಣ ಎದ್ದವರಿಗೆ ಹತ್ತು ಸಲ ಫ್ಲುಕೊನಜೋಲ್ ನುಂಗಿಸಿ ಪ್ರಯೋಜನವೇನು?

ನಾಲ್ಕನೆಯದನ್ನು ಕೇಳುವವರೇ ಕಡಿಮೆ: ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ? ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯ ಔಷಧಿಗಳು. ಆದರೆ ಮೂತ್ರದಲ್ಲಿ ಸಕ್ಕರೆ ಹರಿದರೆ ಜನನಾಂಗದ ಯೀಸ್ಟಿಗೆ ಹಬ್ಬದೂಟ. ಗಂಡಸರಿಗೂ ಮುಂದೊಗಲು ಕೆಂಪಾಗಿ ತುರಿಸುತ್ತದೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಬಸುರಿಯರು ಬಾಯಿಂದ ತಗೊಳ್ಳುವ ಫ್ಲುಕೊನಜೋಲನ್ನು ತಾವಾಗಿ ನುಂಗಲೇಬಾರದು; ಅವರಿಗೆ ಸಾಮಾನ್ಯವಾಗಿ ಹಚ್ಚುವ, ಒಳಗಿಡುವ ಔಷಧಿ ಕೊಡುತ್ತಾರೆ.

ಆಂಟಿಬಯೋಟಿಕ್ ಜೊತೆ ಮೊಸರು ತಿಂದರೆ ತಡೆಯಬಹುದಾ?

ಮೊಸರು ತಿನ್ನಿ, ಒಳ್ಳೆಯದೇ. ಆದರೆ ಯೋನಿಯಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳೂ ಹೆಪ್ಪಿನಲ್ಲಿರುವವೂ ಬೇರೆ ಬೇರೆ ಜಾತಿಯವು. 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಆಂಟಿಬಯೋಟಿಕ್ ತಗೊಳ್ಳುತ್ತಿದ್ದ ಹೆಂಗಸರಿಗೆ ಲ್ಯಾಕ್ಟೊಬ್ಯಾಸಿಲಸ್ ಕೊಟ್ಟು ನೋಡಿದರು. ಯೀಸ್ಟ್ ತುರಿಕೆ ತಪ್ಪಲಿಲ್ಲ. ಮೊಸರನ್ನು ಒಳಗೆ ಹಚ್ಚಿಕೊಳ್ಳುವುದು ಬೇಡ.

ದೋಸೆಹಿಟ್ಟು, ಬ್ರೆಡ್ಡು ಹುಳಿ ಬಂದವು. ಅವನ್ನು ಬಿಡಬೇಕಾ?

ಬೇಡ. ಇಡ್ಲಿ-ದೋಸೆ ಹಿಟ್ಟು ಉಬ್ಬುವುದು ಬಹುಪಾಲು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದಿಂದ, ಯೀಸ್ಟು ಅದರ ಜೊತೆಗಿರುತ್ತದೆ. ಕಾವಲಿಯ ಮೇಲೆ, ಇಡ್ಲಿ ಪಾತ್ರೆಯಲ್ಲಿ ಎರಡೂ ಸತ್ತುಹೋಗುತ್ತವೆ. ಇನ್ನು ಊಟದ ಯೀಸ್ಟು ಕರುಳಿನಲ್ಲಿ ನೆಲೆ ನಿಲ್ಲುತ್ತದೆಯೇ ಎನ್ನುವುದು ಸಂಶೋಧಕರಲ್ಲೇ ಜಗಳದ ವಿಷಯ. 2018ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಯೀಸ್ಟಿಲ್ಲದ ಊಟಕ್ಕೆ ಬದಲಾದಾಗ ಮಲದಲ್ಲಿ ಸ್ಯಾಕರೋಮೈಸಿಸ್ ಇಳಿಯಿತು. ಹಲ್ಲನ್ನು ಹೆಚ್ಚು ಸಲ ಉಜ್ಜಿದಾಗ ಕ್ಯಾಂಡಿಡಾ ಇಳಿಯಿತು. ಅಂದರೆ ಮಲದಲ್ಲಿ ಸಿಗುವ ಎಷ್ಟೋ ಯೀಸ್ಟುಗಳು ಕರುಳಿನ ಮನೆಯವಲ್ಲ, ಬಾಯಿಂದಲೋ ತಟ್ಟೆಯಿಂದಲೋ ಹಾದುಹೋಗುವ ದಾರಿಹೋಕರು.

ಬೆಳಿಗ್ಗೆ ಲೋಟದ ನೀರಿಗೆ ಉಗುಳಿದಾಗ ಎಳೆ ಇಳಿದರೆ ಕ್ಯಾಂಡಿಡಾ ಜಾಸ್ತಿ ಅಂತೆ. ‘ಕ್ಯಾಂಡಿಡಾ ಡಿಟಾಕ್ಸ್’ ಮಾಡಲಾ?

ಉಗುಳು ನೀರಿನಲ್ಲಿ ಎಳೆಯಾಗಿ ಇಳಿಯುವುದು ಉಗುಳಿನ ಲೋಳೆಯಿಂದ. ನೀವು ರಾತ್ರಿ ಎಷ್ಟು ನೀರು ಕುಡಿದಿದ್ದಿರಿ ಎನ್ನುವುದನ್ನು ಬೇಕಾದರೆ ಅದು ಹೇಳೀತು.

ಸುಸ್ತು, ತಲೆನೋವು, ಬೇಸರ, ಹೊಟ್ಟೆಯುಬ್ಬರ ಎಲ್ಲಕ್ಕೂ ಮೈತುಂಬ ಹರಡಿದ ಕ್ಯಾಂಡಿಡಾ ಕಾರಣ ಎನ್ನುವ ವಾದ 1980ರ ದಶಕದ ಅಮೆರಿಕದಲ್ಲಿ ಜೋರಾಯಿತು. 1990ರಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸಿದರು: ಇಂಥ ತೊಂದರೆ ಹೇಳಿಕೊಂಡ 42 ಹೆಂಗಸರಿಗೆ ಗೊತ್ತಾಗದಂತೆ ಸರದಿಯ ಮೇಲೆ ನಿಸ್ಟಾಟಿನ್ ಎಂಬ ಫಂಗಸ್ ಔಷಧಿಯನ್ನೂ ಬರೀ ಸಪ್ಪೆ ಮಾತ್ರೆಯನ್ನೂ ಕೊಟ್ಟರು. ಯೋನಿಯ ತುರಿಕೆಗೆ ನಿಸ್ಟಾಟಿನ್ ಗುಣ ಕೊಟ್ಟಿತು. ಸುಸ್ತು, ಬೇಸರ ಮೊದಲಾದವಕ್ಕೆ ಅದು ಸಪ್ಪೆ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಡಿಟಾಕ್ಸ್ ಮಾಡಿದವರಿಗೆ ಹಗುರ ಅನ್ನಿಸುವುದು ಸುಳ್ಳಲ್ಲ. ಮೈದಾ, ಸಕ್ಕರೆ, ಬೇಕರಿ ಬಿಟ್ಟರೆ ಯಾರಿಗಾದರೂ ಹಗುರ ಅನ್ನಿಸುತ್ತದೆ.

ಫಂಗಸ್ ಪೂರ್ತಿ ತೊಳೆದುಹೋಗಲಿ ಎನ್ನುವ ಹಟವೂ ಒಳ್ಳೆಯದಲ್ಲ. ಡೆಕ್ಟಿನ್-1 ಕೆಲಸ ಮಾಡಿದ ಆ ಲಾಸ್ ಏಂಜಲೀಸ್ ತಂಡವೇ 2016ರಲ್ಲಿ ಸಾಮಾನ್ಯ ಇಲಿಗಳಿಗೆ ಬಹುಕಾಲ ಫಂಗಸ್ ಔಷಧಿ ಕೊಟ್ಟಾಗ ಕರುಳಿನ ಉರಿಯೂತವೂ ಶ್ವಾಸಕೋಶದ ಅಲರ್ಜಿಯೂ ಹೆಚ್ಚಿದವು. ಕ್ಯಾಂಡಿಡಾ ಹೋದ ಜಾಗಕ್ಕೆ ಬೇರೆ ಬೂಷ್ಟುಗಳು ಬಂದು ಕೂತಿದ್ದವು.

ಕ್ರೋನ್ಸ್ ಕಾಯಿಲೆಗೆ ಫಂಗಸ್ ಕಾರಣವಾ?

ಕ್ರೋನ್ಸ್ ಅಂದರೆ ಕರುಳಿನ ದೀರ್ಘಕಾಲದ ಉರಿಯೂತ. ಸಂಬಂಧ ಇದೆ. ಕಾರಣ ಎನ್ನುವಷ್ಟು ಪುರಾವೆ ಇಲ್ಲ. ಕ್ರೋನ್ಸ್ ಇರುವ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಬ್ರೆಡ್ ಯೀಸ್ಟಿನ ಗೋಡೆಯ ವಿರುದ್ಧ ಪ್ರತಿಕಾಯ ಸಿಗುತ್ತದೆ. ‘ಆಸ್ಕಾ’ ಟೆಸ್ಟ್ ಅಂದರೆ ಇದೇ. 2019ರಲ್ಲಿ, ಕೆಲವು ಕ್ರೋನ್ಸ್ ರೋಗಿಗಳ ಕರುಳಿನ ಗೋಡೆಗೆ ಮಲಸೇಝಿಯಾ ರೆಸ್ಟ್ರಿಕ್ಟಾ ಅಂಟಿಕೊಂಡಿರುವುದು ಕಂಡಿತು. ತಲೆಹೊಟ್ಟಿಗೆ ಹೆಸರಾದ ಅದೇ ಯೀಸ್ಟ್! ಕಾರ್ಡ್9 ಎಂಬ ಜೀನಿನಲ್ಲಿ ಒಂದು ಮಾರ್ಪಾಡು ಇರುವವರಲ್ಲಿ ಈ ನಂಟು ಬಲವಾಗಿತ್ತು. ಫಂಗಸ್ ಕಂಡಾಗ ಎಷ್ಟು ಗಲಾಟೆ ಮಾಡಬೇಕು ಎಂದು ರೋಗನಿರೋಧಕ ಕೋಶಕ್ಕೆ ಸುದ್ದಿ ಮುಟ್ಟಿಸುವ ಜೀನ್ ಅದು. ಎಂದರೆ ಇಲ್ಲಿ ಕೆಟ್ಟಿರುವುದು ಅತಿಥಿಯೋ ಆತಿಥೇಯನೋ ಎಂದು ಬಿಡಿಸಿ ಹೇಳುವುದು ಕಷ್ಟ.

ನಮ್ಮ ದೇಶದವರಿಗೆ ಒಂದು ಎಚ್ಚರಿಕೆ. ಇಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಥರವೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಆಸ್ಕಾ ನೆರವಾಗುವುದಿಲ್ಲ ಎಂದು ಭಾರತೀಯ ರೋಗಿಗಳಲ್ಲೇ ನೋಡಿ ತಿಳಿದಿದ್ದಾರೆ. ಅದೊಂದನ್ನೇ ನಂಬಿ ಚಿಕಿತ್ಸೆ ಶುರು ಮಾಡುವ ಹಾಗಿಲ್ಲ.

ಕ್ಯಾನ್ಸರಿಗೂ ಫಂಗಸ್ಸಿಗೂ ನಂಟು ಅಂತ ಓದಿದೆ.

2019ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಗಡ್ಡೆಯೊಳಗೆ ಮಲಸೇಝಿಯಾ ಹೆಚ್ಚಿದೆ, ಅದು ಗಡ್ಡೆ ಬೆಳೆಸುತ್ತದೆ ಎಂದು ಪ್ರಕಟಿಸಿ ದೊಡ್ಡ ಸುದ್ದಿಯಾಯಿತು. 2023ರಲ್ಲಿ ಬೇರೆ ಸಂಶೋಧಕರು ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದಾಗ ಆ ನಂಟು ಕಾಣಲಿಲ್ಲ. 2022ರಲ್ಲಿ ಹಲವು ಬಗೆಯ ಗಡ್ಡೆಗಳಲ್ಲಿ ಶಿಲೀಂಧ್ರದ ಡಿಎನ್‌ಎ ಇದೆ ಎಂಬ ಎರಡು ದೊಡ್ಡ ಅಧ್ಯಯನಗಳು ಬಂದವು. ಸಿಕ್ಕಿದ್ದು ಅತ್ಯಲ್ಪ ಪ್ರಮಾಣ.

ಅತ್ಯಲ್ಪ ಅಂದಾಗಲೇ ನನ್ನಂಥವರ ಹುಬ್ಬು ಏರುವುದು. ಮಲಸೇಝಿಯಾ ನಮ್ಮೆಲ್ಲರ ಹಣೆಯ ಮೇಲಿದೆ. ಸ್ಯಾಂಪಲ್ ತೆಗೆದವರ ಕೈಯಿಂದ, ಗಾಳಿಯಿಂದ, ಕಿಟ್ಟಿನ ದ್ರಾವಣದಿಂದ ಅದು ಒಳಗೆ ಸೇರಲು ಎಷ್ಟು ಹೊತ್ತು? ಖಾಲಿ ಟ್ಯೂಬನ್ನೂ ಸ್ಯಾಂಪಲ್ಲಿನ ಜೊತೆ ಓಡಿಸಿ, ಖಾಲಿಯಲ್ಲಿ ಏನೂ ಬರಲಿಲ್ಲ ಎಂದು ತೋರಿಸದವರ ಮಾತನ್ನು ನಾನು ಅರ್ಧವೇ ನಂಬುತ್ತೇನೆ. ಗಡ್ಡೆಯ ಬ್ಯಾಕ್ಟೀರಿಯಾಗಳ ಬಗ್ಗೆ 2020ರಲ್ಲಿ ಬಂದ ಹೆಸರಾಂತ ಪ್ರಬಂಧವೊಂದು ವಿಶ್ಲೇಷಣೆಯ ದೋಷದಿಂದ 2024ರಲ್ಲಿ ವಾಪಸಾಯಿತು.

ಕುಡಿಯದೇ ಅಮಲೇರುವ ಕಾಯಿಲೆ ನಿಜವಾ?

ನಿಜ, ಆದರೆ ತೀರ ಅಪರೂಪ. ಕರುಳಿನಲ್ಲಿ ಯೀಸ್ಟ್ ಹೆಚ್ಚಿ, ಉಂಡ ಅನ್ನವನ್ನೇ ಹುಳಿ ಹಿಡಿಸಿ ಆಲ್ಕೊಹಾಲ್ ಮಾಡುತ್ತದೆ. ಪೊಲೀಸರಿಗೆ ಸಿಕ್ಕಿಬಿದ್ದ ಪ್ರತಿಯೊಬ್ಬರೂ ಈ ನೆಪ ಹೇಳುವಂತಿಲ್ಲ. ಇದರ ತಿರುವುಮುರುವು ಹೆಚ್ಚು ಸಾಮಾನ್ಯ: ವಿಪರೀತ ಕುಡಿಯುವವರ ಕರುಳಿನಲ್ಲಿ ಶಿಲೀಂಧ್ರದ ವೈವಿಧ್ಯ ಕುಗ್ಗಿ ಕ್ಯಾಂಡಿಡಾ ಮೇಲೇಳುತ್ತದೆ. ಅದರ ಬೀಟಾ-ಗ್ಲೂಕನ್ ರಕ್ತದ ಮೂಲಕ ಯಕೃತ್ತಿಗೆ ಹೋಗಿ ಹಾನಿ ಹೆಚ್ಚಿಸುತ್ತದೆ ಎಂದು 2017ರಲ್ಲಿ ಇಲಿಗಳಲ್ಲಿ ಕಂಡುಬಂತು.

ತಲೆಹೊಟ್ಟು, ಚಿಬ್ಬು ಇವೂ ಇದೇ ಲೆಕ್ಕಕ್ಕೆ ಸೇರುತ್ತವಾ?

ಸೇರುತ್ತವೆ, ಎರಡೂ ಮಲಸೇಝಿಯಾದ ಕೆಲಸ. ಅದಕ್ಕೆ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ನೆತ್ತಿಯ ಜಿಡ್ಡನ್ನು ಒಡೆದು ತಿನ್ನುತ್ತದೆ, ಉಳಿದ ಓಲಿಯಿಕ್ ಆಮ್ಲ ಕೆಲವರ ಚರ್ಮಕ್ಕೆ ಒಗ್ಗದೆ ಹೊಟ್ಟು ಏಳುತ್ತದೆ. ಕೀಟೊಕೊನಜೋಲ್ ಶಾಂಪೂ ಹಚ್ಚಿದವರು ತಕ್ಷಣ ತೊಳೆದು ‘ಕೆಲಸ ಮಾಡಲಿಲ್ಲ’ ಅನ್ನುತ್ತಾರೆ. ಮೂರರಿಂದ ಐದು ನಿಮಿಷ ಬಿಡಬೇಕು. ಚಿಬ್ಬಿನಲ್ಲಿ ಫಂಗಸ್ ಸತ್ತ ಮೇಲೂ ಬಿಳಿ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಣ್ಣ ಬರಲಿಲ್ಲವೆಂದು ಮತ್ತೆ ಮತ್ತೆ ಔಷಧಿ ಹಚ್ಚುತ್ತ ಕೂರಬೇಡಿ.

ಹುಳುಕಡ್ಡಿ, ಬ್ಲ್ಯಾಕ್ ಫಂಗಸ್?

ಅವು ಬೇರೆ. ಹುಳುಕಡ್ಡಿ, ಅಂದರೆ ಗಜಕರ್ಣ, ಸಾಮಾನ್ಯವಾಗಿ ಇನ್ನೊಬ್ಬರಿಂದಲೋ ಟವೆಲಿನಿಂದಲೋ ಬರುವುದು. ಅದು ಈಗ ಇಷ್ಟು ಹಟಮಾರಿಯಾಗಿರುವುದರಲ್ಲಿ ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳ ಪಾಲು ದೊಡ್ಡದು. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಟರ್ಬಿನಫಿನ್ ಎಂಬ ಫಂಗಸ್ ಔಷಧಿಗೆ ಬಗ್ಗದ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂಬ ಜಾತಿಯ ಹೆಸರಿನಲ್ಲೇ ನಮ್ಮ ದೇಶದ ಹೆಸರಿದೆ, ಹೆಮ್ಮೆಪಡುವ ವಿಷಯವೇನಲ್ಲ.

2021ರ ಬೇಸಿಗೆಯಲ್ಲಿ ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಮನೆಯವರು ಊರೂರು ಅಲೆದದ್ದು ನೆನಪಿರಬಹುದು. ಅದು ಬ್ಲ್ಯಾಕ್ ಫಂಗಸ್ಸಿಗೆ. ಆ ಮ್ಯೂಕಾರ್ ಬೂಷ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇರುವುದು, ಮೈಯ ಕಾಯಂ ನಿವಾಸಿಯಲ್ಲ. ಆದರೂ ಅದಕ್ಕೆ ಬಾಗಿಲು ತೆರೆದದ್ದು ಹತೋಟಿ ತಪ್ಪಿದ ಸಕ್ಕರೆ ಮತ್ತು ಸ್ಟೀರಾಯ್ಡ್.

ಮನೆಗೆ ಬಂದು ಮಲದ ಸ್ಯಾಂಪಲ್ ಒಯ್ಯುವ ‘ಗಟ್ ಟೆಸ್ಟ್’ ಮಾಡಿಸಿದರೆ ಗೊತ್ತಾಗುತ್ತದಾ?

ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ: ‘ನೀವು ನೋಡುವುದು 16ಎಸ್ ಜೀನನ್ನೋ ಐಟಿಎಸ್ ಭಾಗವನ್ನೋ?’ 16ಎಸ್ ಬ್ಯಾಕ್ಟೀರಿಯಾದ ಗುರುತಿನ ಚೀಟಿ. ಶಿಲೀಂಧ್ರಗಳಿಗೆ ಆ ಜೀನೇ ಇಲ್ಲ. ಅವನ್ನು ಗುರುತಿಸುವುದು ಐಟಿಎಸ್‌ನಿಂದ. 16ಎಸ್ ಮಾತ್ರ ನೋಡಿದ ರಿಪೋರ್ಟು ಫಂಗಸ್ ಬಗ್ಗೆ ಏನು ಹೇಳಿದರೂ ಅದು ಊಹೆ. ಐಟಿಎಸ್ ನೋಡಿದರೂ, ಇಷ್ಟಿದ್ದರೆ ಸರಿ, ಇಷ್ಟಿದ್ದರೆ ಕಾಯಿಲೆ ಎನ್ನುವ ಒಪ್ಪಿತ ಮಟ್ಟ ಇನ್ನೂ ಇಲ್ಲ. ಕಫದಲ್ಲಿ ಕ್ಯಾಂಡಿಡಾ ಬೆಳೆಯಿತು ಎಂದರೂ ಅಷ್ಟೇ, ಬಹುತೇಕ ಅದು ಬಾಯಿಯದು. ರಕ್ತದಲ್ಲಿ ಬೆಳೆದರೆ ಮಾತ್ರ ಮಾತೇ ಬೇರೆ: ಒಂದೇ ಬಾಟಲಿಯಲ್ಲಿ ಬಂದರೂ ಆ ಕ್ಷಣ ವಾರ್ಡಿಗೆ ಫೋನ್ ಮಾಡುತ್ತೇವೆ.

ಭೇದಿಗೆ ಡಾಕ್ಟರು ಯೀಸ್ಟ್ ಪುಡಿಯನ್ನೇ ಬರೆದುಕೊಟ್ಟಿದ್ದಾರೆ. ಸರಿಯಾ?

ಅದು ಸ್ಯಾಕರೋಮೈಸಿಸ್ ಬೌಲಾರ್ಡಿ. 1920ರ ದಶಕದಲ್ಲಿ ಹೆನ್ರಿ ಬೌಲಾರ್ ಎಂಬ ಫ್ರೆಂಚ್ ವಿಜ್ಞಾನಿ, ಆಗ್ನೇಯ ಏಷ್ಯಾದ ಜನ ಕಾಲರಾ ಭೇದಿಗೆ ಲಿಚಿ ಮತ್ತು ಮ್ಯಾಂಗೊಸ್ಟೀನ್ ಸಿಪ್ಪೆಯ ಕಷಾಯ ಕುಡಿಯುವುದನ್ನು ಕಂಡು, ಅದರಿಂದ ಈ ಯೀಸ್ಟನ್ನು ಬೇರ್ಪಡಿಸಿದ. ಆಂಟಿಬಯೋಟಿಕ್‌ನಿಂದ ಬರುವ ಭೇದಿ ತಡೆಯಲು ನೆರವಾಗುತ್ತದೆ. ಐಸಿಯುನಲ್ಲಿ ಕತ್ತಿನ ರಕ್ತನಾಳಕ್ಕೆ ಲೈನ್ ಹಾಕಿರುವವರ ಹತ್ತಿರ ಮಾತ್ರ ಈ ಪೊಟ್ಟಣ ಬಿಚ್ಚಬಾರದು. ಪುಡಿ ಗಾಳಿಯಲ್ಲಿ ಹಾರಿ, ಕೈಗೆ ಮೆತ್ತಿ, ಲೈನಿನ ಮೂಲಕ ರಕ್ತ ಸೇರಿದ ಪ್ರಕರಣಗಳಿವೆ.

ತಾತನ ಬಾಯಿ ಸದಾ ಉರಿಯುತ್ತದೆ. ಅಸ್ತಮಾಕ್ಕೆ ಪಂಪ್ ಎಳೆಯುತ್ತಾರೆ, ಹಲ್ಲುಸೆಟ್ಟೂ ಇದೆ. ಏನು ನೋಡಬೇಕು?

ಟಾರ್ಚ್ ಬಿಟ್ಟು ಬಾಯಿ ನೋಡಿ. ಕೆನೆಯಂಥ ಬಿಳಿ ಪದರವಿದ್ದು, ಬಟ್ಟೆಯಿಂದ ಒರೆಸಿದರೆ ಎದ್ದು ಬಂದು ಕೆಳಗೆ ಕೆಂಪಗಿದ್ದರೆ ಕ್ಯಾಂಡಿಡಾ ಇರಬಹುದು. ಒರೆಸಿದರೂ ಏಳದ ಬಿಳಿ ಮಚ್ಚೆ ಇದ್ದರೆ, ಅದರಲ್ಲೂ ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವವರಾದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ. ಅದು ಬೇರೆ ಅನುಮಾನ. ಹಲ್ಲುಸೆಟ್ಟು ತೆಗೆದು ಅಂಗುಳ ನೋಡಿ: ಸೆಟ್ಟಿನ ಆಕಾರದಷ್ಟೇ ಜಾಗ ಕೆಂಪಗಿದ್ದರೆ ಅದೂ ಹೆಚ್ಚಾಗಿ ಕ್ಯಾಂಡಿಡಾವೇ. ಸ್ಟೀರಾಯ್ಡ್ ಪಂಪ್ ಎಳೆದ ಮೇಲೆ ಪ್ರತಿ ಸಲ ನೀರು ಮುಕ್ಕಳಿಸಿ ಉಗಿಯಬೇಕು, ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸೇರಿಸುವ ಕೊಳವೆ) ಹಚ್ಚಿ ಎಳೆದರೆ ಇನ್ನೂ ಒಳ್ಳೆಯದು. ಸೆಟ್ಟನ್ನು ರಾತ್ರಿ ತೆಗೆದು, ಬ್ರಷ್ಷಿನಿಂದ ಉಜ್ಜಿ, ನೀರಿನಲ್ಲಿ ಇಡಬೇಕು. ‘ನೆಂಟರು ಬಂದುಬಿಟ್ಟರೆ ಬೊಚ್ಚುಬಾಯಿ ಕಾಣುತ್ತದೆ’ ಎಂದು ತಾತ ಒಪ್ಪುವುದಿಲ್ಲ, ಗೊತ್ತು. ರಾತ್ರಿ ಹತ್ತರ ಮೇಲೆ ಯಾವ ನೆಂಟರೂ ಬರುವುದಿಲ್ಲ ಎಂದು ಹೇಳಿ ನೋಡಿ.